ಬಂದರಿಗೆ ಹೋದ ಬಾಗಿಲ ಹಾಡು

ಆ ದಿನ ಬೆಳಿಗ್ಗೆ ಎದ್ದಾಗಿನಿಂದಲೇ ಗಾಳಿ. ಮೋಡವಿರಲಿಲ್ಲ, ಬಿಸಿಲೂ ನೆಟ್ಟಗೆ ಬಿದ್ದಿರಲಿಲ್ಲ. ಆಕಾಶವೆಲ್ಲ ಹಳೆಯ ಧೋತರದ ಬಣ್ಣಕ್ಕೆ ತಿರುಗಿತ್ತು. ಮಠದ ಅಂಗಳದಲ್ಲಿ ನಾನು ಹಾಕಿದ ರಂಗೋಲಿ ಕೈ ತೆಗೆಯುವುದರೊಳಗೆ ಹಾರಿಹೋಗುತ್ತಿತ್ತು. ಮತ್ತೆ ಹಾಕಿದೆ, ಮತ್ತೆ ಹಾರಿತು. ಶಿವನಿಗೆ ಇವತ್ತು ಗೆರೆ ಬೇಡವಾಗಿದೆ ಎಂದುಕೊಂಡು ಬಟ್ಟಲನ್ನು ಒಳಗಿಟ್ಟೆ. ಅದು ನಮ್ಮ ಕಸ್ತೂರಿಯ ಮದುವೆಯ ದಿನ.

ಕಸ್ತೂರಿ ಮಠದ ಕೂಸು. ತಾಯಿ ತೀರಿಕೊಂಡ ಮೇಲೆ ಯಾರೋ ಬಂಧುಗಳು ತಂದು ದಾಸೋಹದ ಕಟ್ಟೆಯ ಮೇಲೆ ಬಿಟ್ಟುಹೋಗಿದ್ದರು. ಅಡುಗೆಮನೆಯ ಹೊಣೆ ನನ್ನದಾದ್ದರಿಂದ ಅವಳೂ ನನ್ನ ಪಾಲಿಗೆ ಬಂದಳು. ಹಿಟ್ಟು ನಾದುತ್ತ, ರೊಟ್ಟಿ ಬಡಿಯುತ್ತ ನನ್ನನ್ನು ‘ಚಿಗವ್ವ’ ಎಂದು ಕರೆಯುತ್ತ ಬೆಳೆದಳು. ಹೊಳೆಯಾಚೆಯ ಹಳ್ಳಿಯಿಂದ ಹಿಟ್ಟಿನ ಗಿರಣಿಯವರ ಹುಡುಗನ ಸಂಬಂಧ ಬಂದಾಗ, ನಮ್ಮ ಅಜ್ಜಾರು, ಅಂದರೆ ಮಠದ ಸ್ವಾಮಿಗಳು, ತಾವೇ ಮುಂದೆ ನಿಂತು ಮಾತು ಮುಗಿಸಿದ್ದರು.

ನಮ್ಮ ಊರಿನಲ್ಲಿ ಒಂದು ಹಾಡು ಒಂದೇ ಗಂಟಲಲ್ಲಿ ಇರುತ್ತದೆ. ಒಬ್ಬರು ಇನ್ನೊಬ್ಬರಿಗೆ ಕೊಟ್ಟರೆ ಕೊಟ್ಟವರ ಬಳಿ ಅದು ಇರುವುದಿಲ್ಲ. ರಾಗ ನೆನಪಾಗದು, ಮಾತು ನಾಲಿಗೆಗೆ ಬಾರದು. ಪಕ್ಕದ ಮನೆಯಲ್ಲಿ ಕೂಸು ಹುಟ್ಟಿತೆಂದು ಜೋಗುಳ ಕೊಟ್ಟು ಕಳಿಸಿದ ತಾಯಿ ತನ್ನ ಕೂಸನ್ನು ಸುಮ್ಮನೆ ತೂಗುತ್ತಾಳೆ. ಮಠದ ಮಂಗಳಾರತಿಯ ಹಾಡು ವೀರಯ್ಯನ ಗಂಟಲಲ್ಲಿದೆ. ಅವನಿಗೆ ನೆಗಡಿಯಾದರೆ ದೇವರಿಗೆ ಗಂಟೆಯ ಸದ್ದೊಂದೇ. ಹಾಗಾಗಿ ಹಾಡು ಕೊಡುವಾಗ ಗಡುವು ಹೇಳಿಯೇ ಕೊಡುತ್ತಾರೆ. ಸುಗ್ಗಿ ಮುಗಿಯುವ ತನಕ, ಎಮ್ಮೆ ಈಯುವ ತನಕ ಎಂದು. ಗಡುವಿಗೆ ಮುಂಚೆ ವಾಪಸು ಕೇಳುವುದೆಂದರೆ ಉಣ್ಣುತ್ತಿರುವವರ ಮುಂದಿನ ಎಲೆ ಎಳೆದ ಹಾಗೆ. ಇನ್ನೂ ಒಂದು ಮಾತು: ಹಾಡು ಊರ ಗಡಿ ದಾಟಿ ಹೋಯಿತೋ, ತಿರುಗಿ ಬರುವ ತನಕ ನಮ್ಮ ಕಿವಿಗೆ ಅದು ಕೇಳಿಸುವುದಿಲ್ಲ.

ಬಾಗಿಲ ಹಾಡು ಊರಿನ ಹಿರಿಮುದುಕಿ ಸಂಗಜ್ಜಿಯದು. ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದ ದಿನ ದೀಪ ಹಚ್ಚುವ ಹೊತ್ತಿಗೆ ಹೆಂಗಸರು ಮದುಮಗಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕಿ ಅದನ್ನು ಹಾಡಿಸುತ್ತಾರೆ. ನಾಚಿಕೆಗೇಡಿನ ಹಾಡು ಅದು, ನಾನೇನು ಮುಚ್ಚಿಡುವುದಿಲ್ಲ. ಯಾವ ಗಂಟು ಮೊದಲು ಬಿಚ್ಚಬೇಕು, ಯಾವುದನ್ನು ಅವನಿಗೆ ಬಿಡಬೇಕು, ದೀಪ ಸಣ್ಣದು ಮಾಡಬೇಕೋ ದೊಡ್ಡದೋ, ಎಲ್ಲ ಬರುತ್ತದೆ ಅದರಲ್ಲಿ. ಆಮೇಲೆ ಮದುಮಗನ ಕೈ ನಡುಗುವ ಸಾಲುಗಳು ಬರುತ್ತವೆ. ನಿನಗಿಂತ ಅವನಿಗೇ ಹೆದರಿಕೆ ಕಣೆ ತಂಗಿ, ಕೈ ಹಿಡಿದು ಕೂರಿಸು, ಎಂಬ ಅರ್ಥದ್ದು. ಅಲ್ಲಿಗೆ ಎಂಥ ಹುಡುಗಿಯೂ ನಕ್ಕುಬಿಡುತ್ತಾಳೆ. ನಕ್ಕಳೆಂದರೆ ಬಾಗಿಲು ತೆರೆಯುತ್ತಾರೆ. ನಮ್ಮ ಊರಿನ ಎಷ್ಟೋ ಸಂಸಾರಗಳು ಆ ನಗೆಯ ಮೇಲೆ ನಿಂತಿವೆ ಎಂದು ನನ್ನ ನಂಬಿಕೆ. ದೇವರ ಕೆಲಸ ಗರ್ಭಗುಡಿಯಲ್ಲಿ ಮಾತ್ರ ನಡೆಯುವುದಿಲ್ಲ.

ಮದುಮಗಳಿಗೆ ಹಾಡಬೇಕಾದವಳು ಅವಳ ಮನೆಯವಳೇ ಆಗಬೇಕು, ತಾಯಿಯೋ ಅತ್ತಿಗೆಯೋ. ಹಾಗಾಗಿ ಸಂಗಜ್ಜಿ ಹಿಂದಿನ ದಿನ ಆ ಮನೆಗೆ ಹೋಗಿ ಹಾಡು ಕೊಟ್ಟು, ಮರುದಿನ ಇಸಿದುಕೊಂಡು ಬರುತ್ತಿದ್ದಳು. ಕಸ್ತೂರಿಗೆ ಮನೆಯವರು ಎಂದು ಇದ್ದವಳು ನಾನೊಬ್ಬಳೇ. ನಾನೋ ದೀಕ್ಷೆ ತೆಗೆದುಕೊಂಡವಳು. ದೇವರ ಹಾಡಲ್ಲದೆ ಬೇರೆ ಹಾಡು ನನ್ನ ಬಾಯಿಗೆ ಸಲ್ಲದು. ಮದುವೆಯ ಹಿಂದಿನ ದಿನ ಸಂಗಜ್ಜಿ ದಾಸೋಹದ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಎಲೆಯಡಿಕೆ ಅಗಿದಳು.

“ತನಗ ತಾನ ಹಾಡ್ಕೊಳ್ಳಲಿ ಬಿಡು,” ಎಂದಳು ಕೊನೆಗೆ. “ಬಾರ ಹುಡುಗಿ. ಮದುವಿ ಮುಗಿಯೂತನಕ ಇಟ್ಕೊ.”

ಕಸ್ತೂರಿಯ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ ಬಲಗಿವಿಯಲ್ಲಿ ಹಾಡಿ ಕೊಟ್ಟಳು. ಹಾಡು ಆ ಕಡೆಯಿಂದ ಹೊರಗೆ ಹೋಗಬಾರದಲ್ಲ. ಅದು ಕೊಡುವ ಕೆಲಸ, ನಗಿಸುವ ಕೆಲಸವಲ್ಲ. ಕಾಳು ಅಳೆದು ಹಾಕುವವರಂತೆ ಸರಸರನೆ ಮುಗಿಸಿದಳು.

ಮದುವೆಯ ದಿನದ ಆ ಗಾಳಿ ಮಧ್ಯಾಹ್ನಕ್ಕೂ ನಿಲ್ಲಲಿಲ್ಲ. ದಿಬ್ಬಣ ಊರ ಗಡಿಗಲ್ಲಿನ ತನಕ ಬಂದಿತ್ತಂತೆ. ಅಲ್ಲಿ ಗಾಳಿ ಮದುಮಗನ ಹಣೆಯ ಬಾಸಿಂಗವನ್ನು ಕಿತ್ತುಕೊಂಡು ಹೋಗಿ ಬಾವಿಗೆ ಹಾಕಿತು. ಅವರ ಹಿರಿಯರು ಬಾವಿಯ ದಂಡೆಯ ಮೇಲೆ ನಿಂತು ಅದು ಮುಳುಗುವುದನ್ನು ನೋಡಿ ಅಪಶಕುನವೆಂದರು. ಬಂಡಿಗಳು ತಿರುಗಿದವು. ಅಜ್ಜಾರು ಬರಿಗಾಲಲ್ಲಿ ಓಡಿದರು, ಬೇಡಿಕೊಂಡರು. ಯಾರೂ ಕೇಳಲಿಲ್ಲ.

ಕಸ್ತೂರಿ ಅರಿಶಿನದ ಸೀರೆಯಲ್ಲೇ ಹಸೆಮಣೆಯ ಮೇಲೆ ಕೂತಿದ್ದಳು. ಮಾಡಿದ ಅಡುಗೆಯನ್ನು ಊರವರಿಗೆ ಬಡಿಸಿ ನಾನು ಒಳಗೆ ಬರುವಷ್ಟರಲ್ಲಿ ಮಣೆ ಖಾಲಿಯಾಗಿತ್ತು. ಸಂಜೆಯ ಬಸ್ಸಿಗೆ ಹೋದಳೆಂದು ಆಮೇಲೆ ತಿಳಿಯಿತು.

ಸಂಗಜ್ಜಿಯ ಮನೆಗೆ ಹೋಗಿ, “ಅಜ್ಜಿ, ನಿನ್ನ ಹಾಡು ಆಕೀ ಜೋಡಿ ಹೋತು,” ಎಂದೆ.

“ಹೋಗ್ಲಿ ಬಿಡು. ಒಬ್ಬಾಕೇ ಹೋಗಿಲ್ಲಂತಾತು,” ಎಂದಳು.

ತಪ್ಪೆಂದರೆ ಆ ಗಡುವು. ಮದುವೆ ಮುಗಿಯುವ ತನಕ ಎಂದು ಕೊಟ್ಟದ್ದು. ಮದುವೆಯೋ ನಡೆಯಲೇ ಇಲ್ಲ, ಮುಗಿಯುವುದೆಲ್ಲಿಂದ ಬಂತು? ಹಾಡು ಇನ್ನೂ ನ್ಯಾಯವಾಗಿ ಕಸ್ತೂರಿಯದೇ. ಕೇಳುವ ಬಾಯಿ ಸಂಗಜ್ಜಿಗೂ ಇರಲಿಲ್ಲ, ಊರಿಗೂ ಇರಲಿಲ್ಲ.

ಮದುವೆಗಳು ನಿಲ್ಲುತ್ತವೆಯೇ? ನಡೆದವು. ಹೆಂಗಸರು ಮೊದಲಿನಂತೆಯೇ ಮದುಮಗಳನ್ನು ಒಳಗೆ ಕರೆದೊಯ್ದು ಬಾಗಿಲು ಹಾಕುತ್ತಿದ್ದರು. ಹಾಕಿ ಏನು ಮಾಡಬೇಕೆಂದು ತಿಳಿಯದೆ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಒಂದು ಮನೆಯಲ್ಲಿ ಬೀಸುಕಲ್ಲಿನ ಹಾಡು ಹಾಡಿ ನೋಡಿದರು. ಹುಡುಗಿಗೆ ಕೈ ನೋವಿನ ನೆನಪಾಯಿತೇ ಹೊರತು ನಗು ಬರಲಿಲ್ಲ. ಇನ್ನೊಂದು ಮನೆಯಲ್ಲಿ ಅತ್ತಿಗೆಯೊಬ್ಬಳು ಬರೀ ಮಾತಿನಲ್ಲಿ ಹೇಳಹೋಗಿ ತಾನೇ ಕೆಂಪಾಗಿ ನಿಲ್ಲಿಸಿದಳು. ಕಡೆಗೆ ಪುಠಾಣಿ-ಸಕ್ಕರೆ ಹಂಚಿ ಬಾಗಿಲು ತೆರೆಯುವುದೇ ರೂಢಿಯಾಯಿತು. ಒಳಗೆ ಹೋದ ಹೆದರಿಕೆ ಹಾಗೆಯೇ ಹೊರಗೆ ಬರುತ್ತಿತ್ತು.

ಕೆಲವು ವರ್ಷಗಳಾದ ಮೇಲೆ ಬಸ್ಸಿನವರು ಒಂದು ಹಾಡು ಹಾಕತೊಡಗಿದರು. ನಮಗೆ ಕೇಳುತ್ತಿದ್ದುದು ಡೋಲು, ತಾಳ, ಬೂಟುಗಾಲಿನ ಸದ್ದು. ನಡುನಡುವೆ ದನಿ ಇರಬೇಕಾದಲ್ಲಿ ಖಾಲಿ. ಪರವೂರಿನ ಹುಡುಗರು ಸೀಟಿನ ಮೇಲೆ ಎದ್ದು ಕುಣಿಯುತ್ತಿದ್ದರು. ಅವರ ಬಾಯಿ ಕೆರೆಯ ಮೀನಿನ ಹಾಗೆ ತೆರೆದು ಮುಚ್ಚಿಕೊಳ್ಳುತ್ತಿತ್ತು, ಸದ್ದಿಲ್ಲ. ಇದು ನಮ್ಮದೇ ಹಾಡು ಎಂದು ಊರಿಗೆ ಗೊತ್ತಾದದ್ದು ಹಾಗೆ. ಬಂದರಿನ ಊರಿನ ಡಾನ್ಸ್ ಕ್ಲಬ್ಬಿನಲ್ಲಿ ಕಸ್ತೂರಿ ಅದನ್ನು ಹಾಡುತ್ತಾಳೆಂದೂ, ಆ ಹಾಡಿಗೆ ದೇಶವೇ ಕುಣಿಯುತ್ತಿದೆಯೆಂದೂ ಕಂಡಕ್ಟರ್ ಹೇಳಿದ.

ಒಂದು ದಿನ ಸುತ್ತಲಿನ ಊರುಗಳ ಹಿರಿಯರು ಮಠಕ್ಕೆ ಬಂದರು. “ಬುದ್ಧಿ, ನಿಮ್ಮ ಮಠದಾಗ ಬೆಳದ ಹುಡುಗಿ ಹೊಲಸ ಹಾಡ್ಯಾಳ. ನೀವು ನಾಲ್ಕ ಮಾತು ಖಂಡಿಸಿ ಹೇಳಬೇಕು,” ಎಂದರು. ಹಾಡನ್ನು ಕ್ಯಾಸೆಟ್ಟಿನಲ್ಲಿ ತಂದೂ ಇದ್ದರು. ಹಾಕಿದರು. ಅಜ್ಜಾರು ಕಣ್ಣುಮುಚ್ಚಿ ಪೂರ್ತಿ ಕೇಳಿದರು.

“ಡೋಲು ಛಲೋ ಬಾರಸ್ಯಾನ,” ಎಂದರು.

“ಡೋಲಲ್ಲ ಬುದ್ಧಿ, ಮಾತು!”

“ಮಾತು ನಮಗ ಕೇಳಿಲ್ಲಪಾ. ಕೇಳದ್ದನ್ನ ಹೆಂಗ ಬೈಯೂದು? ಪ್ರಸಾದ ಆತೇನು ನಿಮ್ಮದು?”

ಅವರು ಉಂಡು ಹೋದರು. ಅವರಲ್ಲೊಬ್ಬ ಹಿರಿಯನ ಬೆರಳು ಬುತ್ತಿಯ ಗಂಟಿನ ಮೇಲೆ ಅದೇ ತಾಳ ಬಾರಿಸುತ್ತಿದ್ದುದನ್ನು ನಾನು ಕಂಡೆ.

ಹೀಗಿರುವಾಗ ಸಂಗಜ್ಜಿಯ ಮೊಮ್ಮಗಳು ಸುವರ್ಣಳ ಮದುವೆ ನಿಶ್ಚಯವಾಯಿತು. ಹುಡುಗ ಒಳ್ಳೆಯವನು, ಮನೆಯೂ ಒಳ್ಳೆಯದು. ಆದರೆ ಹುಡುಗಿ ದಿನದಿಂದ ದಿನಕ್ಕೆ ಇಳಿದುಹೋದಳು. ಅವಳ ಅಕ್ಕ ಮದುವೆಯಾದ ಮರುದಿನವೇ ತವರಿಗೆ ಓಡಿಬಂದವಳು ಮತ್ತೆ ಹೋಗಿರಲಿಲ್ಲ. ಅದು ಸುವರ್ಣಳ ಕಣ್ಣಮುಂದೆಯೇ ಇತ್ತು. ನೀರು ತರಲು ಬಂದಾಗ ನನ್ನ ಸೆರಗು ಹಿಡಿದು, “ದಾನವ್ವಾ, ನನಗೂ ದೀಕ್ಷಾ ಕೊಡಸ್ರಿ, ನಾನೂ ಮಠದಾಗ ರೊಟ್ಟಿ ಬಡಕೊಂಡು ಇರ್ತೀನಿ,” ಎಂದಳು. ದೇವರ ಮೇಲಿನ ಪ್ರೀತಿಯಿಂದ ಬರುವವರಿಗೆ ದೀಕ್ಷೆ. ಹೆದರಿ ಓಡಿಬಂದವರಿಗೆ ಅದನ್ನು ಕೊಟ್ಟರೆ ದೇವರೂ ನೊಂದುಕೊಳ್ಳುತ್ತಾನೆ.

ಸಂಗಜ್ಜಿಗೆ ಹೇಳಿದೆ. ಮುದುಕಿ ಗೋಡೆಗೆ ಒರಗಿ ಕೂತಿದ್ದಳು.

“ನನ್ನ ಅವ್ವ ಕೊಟ್ಟ ಹಾಡು,” ಎಂದಳು. “ಊರ ಹುಡುಗ್ಯಾರನ್ನೆಲ್ಲಾ ನಗಸೀನಿ. ನನ್ನ ಮನೀ ಕೂಸಿಗೆ ಇಲ್ಲ.”

“ನಾ ಬಂದರಕ್ಕ ಹೋಗಿ ಬರ್ಲೇನು?”

“ಕೇಳಬ್ಯಾಡ!” ಎಂದಳು, ಹಾವು ಕಂಡವರಂತೆ ಎದ್ದು ಕೂತು. “ಆಕೀದು ಇನ್ನೂ ಮುಗಿದಿಲ್ಲ. ಕೇಳಿದ್ರ ನನ್ನ ಬಾಯಿ ಹೊಲಸಾದೀತು.”

“ಕೇಳೂದಿಲ್ಲವಾ. ಮದುವಿಗೆ ಕರದು ಬರ್ತೀನಿ. ಕರಿಯೂದಕ್ಕ ಯಾವ ಗಡುವು?”

ಅಜ್ಜಿ ಒಳಗೆ ಹೋದಳು. ಅರಿಶಿನ ಹಚ್ಚಿದ ಅಕ್ಷತೆಯನ್ನು ತಂದು ನನ್ನ ಸೆರಗಿಗೆ ತಾನೇ ಕಟ್ಟಿದಳು.

ವಿಭೂತಿ ಹಚ್ಚಿಕೊಂಡು, ಕೊರಳಲ್ಲಿ ರುದ್ರಾಕ್ಷಿ ಹಾಕಿಕೊಂಡು ಡಾನ್ಸ್ ಕ್ಲಬ್ಬಿನ ಬಾಗಿಲಲ್ಲಿ ನಿಂತವಳು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು. ಬಾಗಿಲ ಕಾವಲಿನವನು ಗಾಬರಿಯಾಗಿ ನನಗೆ ಕೈಮುಗಿದ. ಒಳಗೆ ಸಂಜೆ ನಾಲ್ಕರ ಆಟ ನಡೆದಿತ್ತು. ಹೊರಗೆ ಬಿಸಿಲು, ಒಳಗೆ ಕತ್ತಲೆ, ಕೆಂಪು ಹಸಿರು ದೀಪಗಳು. ನನ್ನನ್ನು ಕರೆದು ಕೂರಿಸಿಕೊಂಡವರು ಡೋಲು ಬಾರಿಸುವ ರಾಜೇಸಾಬ ಮಾಸ್ತರರು. ಬಿಳಿಗಡ್ಡದ, ಮೆತ್ತನೆ ಮಾತಿನ ಮನುಷ್ಯ. ಅವರ ತಮ್ಮನ ಮಗ ಆ ಹೊತ್ತಿಗೆ ಡೋಲಿಗೆ ಕೂತಿದ್ದ.

ವೇದಿಕೆಗೆ ಕಸ್ತೂರಿ ಬಂದಳು. ಮಿಂಚುವ ಉಡುಗೆ, ಬರಿ ತೋಳು, ಬಿಚ್ಚಿದ ಕೂದಲು. ಡೋಲು ಶುರುವಾಯಿತು. ಅವಳ ಬಾಯಿ ತೆರೆಯಿತು. ನನಗೆ ಏನೂ ಕೇಳಲಿಲ್ಲ. ಜನ ಹುಚ್ಚೆದ್ದು ಕಿರುಚುತ್ತಿದ್ದರು, ಸಿಳ್ಳೆ ಹಾಕುತ್ತಿದ್ದರು. ಗಂಡಸರೂ ಹೆಂಗಸರೂ ಬೆವರು ಸುರಿಸಿ ಕುಣಿಯುತ್ತಿದ್ದರು. ಆ ಗದ್ದಲದ ನಡುವೆ ಅವಳ ಗಂಟಲಿರುವ ಜಾಗ ಮಾತ್ರ ನನಗೆ ಪೂಜೆ ಮುಗಿದ ಗುಡಿಯಂತೆ ಸ್ತಬ್ಧವಾಗಿತ್ತು. ಕೇಳದೆ ಇದ್ದದ್ದಕ್ಕೋ ಏನೋ, ನಾನು ಅವಳ ಮುಖವನ್ನೇ ನೋಡಿದೆ. ಸೊಂಟ ಕುಣಿಯುತ್ತಿತ್ತು, ಕೈ ಕುಣಿಯುತ್ತಿತ್ತು. ಕಣ್ಣು ಮಾತ್ರ ಯಾರೋ ಬರುವ ದಾರಿ ನೋಡುವವಳ ಕಣ್ಣು. ಹಸೆಮಣೆಯ ಮೇಲೆ ಕೂತಿದ್ದಾಗಲೂ ಹಾಗೆಯೇ ಇತ್ತು.

ಆಟ ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಅವಳು ನನ್ನ ಕಾಲಿಗೆ ಬಿದ್ದಳು. ಬಣ್ಣ ನನ್ನ ಪಾದಕ್ಕೆ ಹತ್ತಿತು.

“ಚಿಗವ್ವಾ, ಇಲ್ಲೀ ತನಕ ಬಂದ್ಯಾ? ಊಟ? ಇಲ್ಲೀದು ಉಣ್ಣೂದಿಲ್ಲ ನೀ. ಹಣ್ಣು ತರಸ್ತೀನಿ.”

ಬಾಳೆಹಣ್ಣು ಸುಲಿಯುತ್ತ ಹಾಡಿನ ಕಥೆ ಹೇಳಿದಳು. ಬಂದ ಹೊಸದರಲ್ಲಿ ಕುಣಿಯುವವರ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳಂತೆ. “ಹೆದರಿಕಿ ಹೋಗಿದ್ದಿಲ್ಲ ಚಿಗವ್ವ. ಮದುವೀ ಹೆದರಿಕಿ ಅಲ್ಲ, ಒಟ್ಟ ಹೆದರಿಕಿ. ಅದಕ್ಕ ಇಸ್ತ್ರಿ ಮಾಡಕೋತ ಸಣ್ಣಗ ಹಾಡ್ಕೊತಿದ್ನಿ. ಮಾಸ್ತರು ಕೇಳಿದ್ರು.”

“ಜೋಗುಳದಂಗ ಹಾಡ್ತಿದ್ಳು,” ಎಂದರು ಮಾಸ್ತರರು. “ನಾ ಡೋಲು ಹಾಕಿದೆ. ಮೊದಲ ದಿನ ಮಂದಿ ನಕ್ಕರು, ಕಣ್ಣ ಒರಸ್ಕೊಂಡ್ರು, ಮನೀಗೆ ಹೋದ್ರು. ಮಾಲಕರು ಅಂದ್ರು, ಅಳಸಾಕ ನಾವು ಬಾಗಿಲ ತಗದಿಲ್ಲ. ಅದಕ್ಕ ಕೈ ನಡುಗೂ ಸಾಲು ತಗದಿವಿ. ಗಂಟ ಬಿಚ್ಚೂ ಸಾಲಷ್ಟ ಇಟ್ಟು, ತಾಳಾ ಜೋರು ಮಾಡಿದಿವಿ.”

“ಆಮ್ಯಾಲೆ ಕುಣದದ್ದ ಕುಣದದ್ದು,” ಎಂದಳು ಕಸ್ತೂರಿ. “ರೇಡಿಯೋದವರು ಹಾಕೂದಿಲ್ಲ ಅಂದ್ರು. ಬ್ಯಾಡ ಅಂದಿದ್ದಕ್ಕ ಎಲ್ಲಾರಿಗೂ ಬೇಕಾತು.”

“ತಗದ ಸಾಲು?”

“ಅದಾವ. ದಿನಾ ಬಣ್ಣಾ ತೊಳ್ಕೊಳ್ಳುವಾಗ ಪೂರ್ತಿ ಹಾಡ್ಕೊತೀನಿ. ಇಲ್ಲಾಂದ್ರ ಹುಳ ಹಿಡಿದಾವು.”

ನಾನು ಸೆರಗಿನ ಗಂಟು ಬಿಚ್ಚಿ ಅಕ್ಷತೆ ಕೊಟ್ಟೆ. “ಸಂಗಜ್ಜಿ ಮೊಮ್ಮಗಳ ಮದುವಿ. ಸುವರ್ಣ, ನೀ ಎತ್ತಿ ಆಡಿಸಿದ ಕೂಸು. ಕರಿಯಾಕ ಬಂದೀನವ್ವ. ಅಷ್ಟ.”

ಅವಳು ಅಕ್ಷತೆಯನ್ನು ಅಂಗೈಯಲ್ಲಿ ಹಿಡಿದಳು.

“ಹುಡುಗಿ ಹೆದರ್ಯಾಳೇನು?”

“ಹೆದರ್ಯಾಳ.”

“ಅಜ್ಜಿ ಕೇಳಂತ ಹೇಳಿಲ್ಲ?”

“ಕೇಳಬ್ಯಾಡಂತ ಹೇಳ್ಯಾಳ.”

ಮಾಸ್ತರರು ಗಡ್ಡ ಸವರಿಕೊಂಡರು. “ನಿಮ್ಮೂರಿನ ರೀತಿ ಈಕಿ ನನಗ ಹೇಳ್ಯಾಳ, ತಾಯಿ. ಒಂದ ಮಾತು. ಮಂದಿ ಇಲ್ಲಿ ಬರೂದು ಈ ಒಂದ ಹಾಡಿಗೆ. ಇದು ಹೋದ್ರ ಈಕೀಗೆ ಇಲ್ಲಿ ಮತ್ತ ಇಸ್ತ್ರಿ ಪೆಟ್ಟಿಗೀನೇ.”

“ನಾ ಏನೂ ಕೇಳಿಲ್ಲ, ಮಾಸ್ತರ.”

“ಕೇಳಿದ್ರ ಛಲೋ ಇತ್ತು,” ಎಂದಳು ಕಸ್ತೂರಿ, ನಗುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು. “ಕೇಳಿದ್ರ ಒಲ್ಲೆ ಅಂತಿದ್ನಿ. ಇದೊಂದ ನನ್ನದು ಚಿಗವ್ವ. ಮನಿ ಇಲ್ಲ, ಗಂಡ ಇಲ್ಲ. ಈ ಹಾಡು ಬಾಯಾಗ ಇದ್ದಾಗ ಮಂದಿ ನನ್ನ ಹೆಸರ ಕೂಗ್ತಾರ.”

ಅವಳ ತಲೆಯ ಮೇಲೆ ಕೈಯಿಟ್ಟೆ. ಶಿವನೇ, ಇವಳ ಬಾಯಿ ಖಾಲಿ ಮಾಡು ಎಂದು ಕೇಳಲೇ, ಆ ಹುಡುಗಿಯನ್ನು ಹಾಗೇ ಬಿಡು ಎಂದು ಕೇಳಲೇ? ಇಬ್ಬರೂ ನಿನ್ನ ಮಕ್ಕಳು, ನೀನೇ ನೋಡಿಕೋ ಎಂದು ಬಸ್ಸು ಹತ್ತಿದೆ.

ಸುವರ್ಣಳ ಮದುವೆಯ ದಿನ ಅಕ್ಕಿಕಾಳು ಬೀಳುವ ತನಕ ಕಸ್ತೂರಿ ಬರಲಿಲ್ಲ. ಮಧ್ಯಾಹ್ನದ ಬಸ್ಸಿಗೆ ಬಂದಳು. ನೂಲಿನ ಸೀರೆ, ಗಂಟು ಹಾಕಿದ ಕೂದಲು. ಪಂಕ್ತಿಯ ಕೊನೆಯಲ್ಲಿ ಕೂತು ಉಂಡಳು. ಹೆಂಗಸರು ಕಣ್ಣಿನಲ್ಲೇ ಮಾತಾಡಿಕೊಂಡರು. ನಾಲಿಗೆ ಚುರುಕಿನ ಕಾಶವ್ವ ಸುಮ್ಮನಿರುವವಳಲ್ಲ.

“ಯಾರ ಇದು, ಬಂದರದ ರಾಣೇರು? ಮುಖಕ್ಕ ಬಣ್ಣಿಲ್ಲ, ಗುರ್ತ ಸಿಗಲಿಲ್ಲ ನೋಡವಾ.”

“ಬಣ್ಣಾ ಹಚ್ಕೊಂಡ್ರೂ ಸಿಗತಿದ್ದಿಲ್ಲ ಬಿಡು, ಕಾಶಕ್ಕ. ನಿನ್ನ ಗಂಡನ್ನ ಕೇಳಬೇಕಿತ್ತು. ಹೋದ ಸಂತ್ಯಾಗ ಬಂದರಕ್ಕ ಬಂದಿದ್ದ.”

ಪಂಕ್ತಿಯೆಲ್ಲ ಗೊಳ್ಳೆಂದಿತು. ಕಾಶವ್ವನೂ ನಕ್ಕು, “ಅಂವಗ ಏನ ಕೇಳಸ್ತೈತಿ, ಬರೇ ಡೋಲು!” ಎಂದು ಅವಳ ಎಲೆಗೆ ಇನ್ನೊಂದು ಹೋಳಿಗೆ ಹಾಕಿದಳು.

ದೀಪ ಹಚ್ಚುವ ಹೊತ್ತಿಗೆ ಸುವರ್ಣಳನ್ನು ಒಳಗೆ ಕರೆದೊಯ್ದರು. ನಾನು ದೀಪದ ಸಮೆಗೆ ಎಣ್ಣೆ ಹಾಕಲು ಹೋಗಿದ್ದೆ. ಸಂಗಜ್ಜಿ ಮೂಲೆಯಲ್ಲಿ ಕೂತು ನೆಲ ನೋಡುತ್ತಿದ್ದಳು. ಯಾರೋ ಆಗಲೇ ಪುಠಾಣಿಯ ಬುಟ್ಟಿ ತಂದಿಟ್ಟಿದ್ದರು. ಬಾಗಿಲು ಹಾಕಬೇಕು ಎನ್ನುವಾಗ ಕಸ್ತೂರಿ ಒಳಗೆ ಬಂದಳು. ಬಂದವಳು ನೆಟ್ಟಗೆ ಅಜ್ಜಿಯ ಮುಂದೆ ಕೂತಳು.

“ಅಜ್ಜಿ, ನನ್ನ ಮದುವಿ ಮುಗದೈತಿ.”

ಅಜ್ಜಿ ತಲೆ ಎತ್ತಿದಳು. “ಯಾವಾಗವ್ವ? ಯಾರ ಜೋಡಿ?”

“ಯಾರ ಜೋಡೀನೂ ಅಲ್ಲ. ಆವತ್ತ ಮುಗದಿತ್ತು. ಬಂಡಿ ತಿರುಗಿದಾಗನ. ನಾ ಒಪ್ಕೊಂಡಿದ್ದಿಲ್ಲ, ಅಷ್ಟ.”

“ವಿಚಾರ ಮಾಡೀಯೇನು?” ಎಂದಳು ಅಜ್ಜಿ.

“ಮಾಸ್ತರಿಗೆ ಹೇಳಿ ಬಂದೀನಿ,” ಎಂದಳು ಕಸ್ತೂರಿ. ಮುದುಕಿಯ ಎಡಗಿವಿಯನ್ನು ಅಂಗೈಯಿಂದ ಮುಚ್ಚಿ, ಬಲಗಿವಿಗೆ ಬಾಯಿ ಹಚ್ಚಿದಳು. ಸರಸರನೆ ಅಲ್ಲ, ಒಂದೊಂದು ಸಾಲನ್ನೂ ನಿಧಾನವಾಗಿ, ತುಂಬಿದ ಕೊಡ ಇಳಿಸುವಂತೆ. ಮುಗಿದ ಮೇಲೆ ಅವಳ ತುಟಿ ಇನ್ನೂ ಸ್ವಲ್ಪ ಹೊತ್ತು ಆಡಿ ನಿಂತಿತು. ಗಂಟಲ ಮೇಲೆ ಕೈಯಿಟ್ಟುಕೊಂಡು ಗೋಡೆಯ ಬದಿಗೆ ಸರಿದಳು.

ಸಂಗಜ್ಜಿ ಮೊಮ್ಮಗಳ ಮುಂದೆ ಕೂತು ಹಾಡಿದಳು. ಎಷ್ಟೋ ವರ್ಷಗಳ ಮೇಲೆ ಆ ಮಾತುಗಳು ನನ್ನ ಕಿವಿಗೆ ಬಿದ್ದವು. ನಾನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ. ಗಂಟಿನ ಸಾಲುಗಳಲ್ಲಿ ಸುವರ್ಣ ಕಿವಿ ಮುಚ್ಚಿಕೊಂಡಳು. ಕೈ ನಡುಗುವ ಸಾಲು ಬಂದಾಗ ಬೆರಳ ಸಂದಿಯಿಂದ ಅಜ್ಜಿಯನ್ನು ನೋಡಿದಳು, ನೋಡಿ ನಕ್ಕಳು. ಎಷ್ಟು ನಕ್ಕಳೆಂದರೆ ಬಾಸಿಂಗ ಓರೆಯಾಯಿತು. ಹೆಂಗಸರು ಹೋ ಎಂದು ಬಾಗಿಲು ತೆರೆದು, ಅವಳನ್ನು ಕರೆದುಕೊಂಡು ಗದ್ದಲ ಮಾಡುತ್ತ ಹೊರಗೆ ಹೋದರು.

ಕಸ್ತೂರಿಯೂ ಏಳಹೋದಳು. ಸಂಗಜ್ಜಿ ಅವಳ ಮಣಿಕಟ್ಟು ಹಿಡಿದಳು. ಸುವರ್ಣ ಎದ್ದ ಮಣೆ ಇನ್ನೂ ಅಲ್ಲೇ ಇತ್ತು. “ಕೂಡು,” ಎಂದಳು. ಕಸ್ತೂರಿ ಕೂತಳು. ಅಜ್ಜಿ ನನ್ನ ಕಡೆ ನೋಡಿದಳು. ನಾನು ಎದ್ದು ಬಾಗಿಲು ಹಾಕಿದೆ. ಮುದುಕಿ ಅವಳ ಸೆರಗನ್ನು ತಲೆಯ ಮೇಲೆ ಹೊದಿಸಿ, ಅವಳಿಗೊಬ್ಬಳಿಗೇ ಕೇಳುವಷ್ಟು ಮೆಲ್ಲಗೆ, ಹಾಡನ್ನು ಮೊದಲಿನಿಂದ ಶುರುಮಾಡಿದಳು.